ನವೋದಯಕ್ಕೆ ಮಗುವನ್ನು ಕಳಿಸುವ ಯೋಚನೆ ಇದೆಯಾ? ಮೂರನೇ ಕ್ಲಾಸಿನಿಂದಲೇ ನೋಡಿಕೊಳ್ಳಬೇಕಾದ ಸಂಗತಿಗಳು

ಜೂನ್ ತಿಂಗಳು ಬಂದರೆ ಸಾಕು, ಐದನೇ ಕ್ಲಾಸಿನ ಮಕ್ಕಳ ಅಪ್ಪ-ಅಮ್ಮ ಶಾಲೆಗೆ ಬಂದು ಕೇಳುವುದು ಒಂದೇ ಮಾತು. "ಸರ್, ನವೋದಯ ಅರ್ಜಿ ಬಿಟ್ಟಿದ್ದಾರಾ?" ಈ ಪ್ರಶ್ನೆಯನ್ನು ಎರಡು ವರ್ಷ ಮೊದಲೇ ಕೇಳಿದ್ದರೆ ಚೆನ್ನಾಗಿತ್ತು ಅಂತ ನನಗೆ ಪ್ರತಿ ಸಲ ಅನಿಸುತ್ತದೆ. ಪರೀಕ್ಷೆಯಲ್ಲಿ ಹಿಂದೆ ಬಿದ್ದು ಸೀಟು ಕಳೆದುಕೊಳ್ಳುವ ಮಕ್ಕಳು ಇದ್ದೇ ಇರುತ್ತಾರೆ, ಅದಕ್ಕೆ ಯಾರೂ ಏನೂ ಮಾಡಲಾಗದು. ಬೇಜಾರಾಗುವುದು ಇನ್ನೊಂದು ಗುಂಪನ್ನು ನೋಡಿದಾಗ. ಮೂರನೇ ಕ್ಲಾಸು ಪೇಟೆಯಲ್ಲಿ ಓದಿಸಿದ್ದಕ್ಕೆ ಗ್ರಾಮೀಣ ಕೋಟಾ ಹೋಯಿತು. ಜಾತಿ ಪ್ರಮಾಣಪತ್ರ ಬೇರೆ ನಮೂನೆಯಲ್ಲಿತ್ತು. ಅರ್ಜಿ ತುಂಬಿದವರು ಯಾರದೋ ಫೋನ್ ನಂಬರ್ ಹಾಕಿದ್ದರು. ಹೀಗೆ ಹೋಗುವ ಸೀಟುಗಳನ್ನು ಉಳಿಸಿಕೊಳ್ಳಬಹುದು. ಈ ಬರಹ ಹೆಚ್ಚಾಗಿ ಅದರ ಬಗ್ಗೆಯೇ.

ಇದು ಎಂಥ ಶಾಲೆ

ಹಳ್ಳಿಯ ಚುರುಕು ಮಕ್ಕಳಿಗೆ ದುಡ್ಡಿನ ಚಿಂತೆ ಇಲ್ಲದೆ ಒಳ್ಳೆಯ ಓದು ಸಿಗಲಿ ಅಂತ ಕೇಂದ್ರ ಸರ್ಕಾರ ಶುರು ಮಾಡಿದ ವಸತಿ ಶಾಲೆ ಇದು. 1985-86ರಲ್ಲಿ ಹರಿಯಾಣದ ಝಜ್ಜರ್ ಮತ್ತು ಮಹಾರಾಷ್ಟ್ರದ ಅಮರಾವತಿಯಲ್ಲಿ ಮೊದಲ ಎರಡು ಶಾಲೆ ತೆರೆದವು. 1986ರ ರಾಷ್ಟ್ರೀಯ ಶಿಕ್ಷಣ ನೀತಿ ಜಿಲ್ಲೆಗೊಂದು ಶಾಲೆ ಅಂತ ಹೇಳಿತು. ಈಗ ತಮಿಳುನಾಡು ಒಂದನ್ನು ಬಿಟ್ಟು ಎಲ್ಲ ರಾಜ್ಯಗಳಲ್ಲೂ ಜವಾಹರ್ ನವೋದಯ ವಿದ್ಯಾಲಯಗಳಿವೆ. ನಮ್ಮಲ್ಲಿ ದಕ್ಷಿಣ ಕನ್ನಡದವರಿಗೆ ಮುಡಿಪು, ಶಿವಮೊಗ್ಗದವರಿಗೆ ಗಾಜನೂರು, ಕೊಡಗಿನವರಿಗೆ ಗಾಳಿಬೀಡು, ಕೊಪ್ಪಳದವರಿಗೆ ಕುಕನೂರು. ನಿಮ್ಮ ಜಿಲ್ಲೆಯ ಶಾಲೆ ಎಲ್ಲಿದೆ ಅಂತ ಗೊತ್ತಿಲ್ಲದಿದ್ದರೆ ಮೊದಲು ತಿಳಿದುಕೊಳ್ಳಿ. ಸಾಧ್ಯವಾದರೆ ಒಂದು ಸಲ ಹೋಗಿ ಗೇಟಿನ ತನಕವಾದರೂ ನೋಡಿಕೊಂಡು ಬನ್ನಿ.

ಆರರಿಂದ ಹನ್ನೆರಡನೇ ತರಗತಿವರೆಗೆ ಸಿಬಿಎಸ್‌ಇ ಪಠ್ಯ. ಊಟ, ವಸತಿ, ಯೂನಿಫಾರ್ಮ್, ಪುಸ್ತಕ ಎಲ್ಲ ಉಚಿತ. ಆರರಿಂದ ಎಂಟರವರೆಗೆ ಶುಲ್ಕ ಅಂತ ಏನೂ ಇಲ್ಲ. ಒಂಬತ್ತನೇ ತರಗತಿಯಿಂದ ವಿದ್ಯಾಲಯ ವಿಕಾಸ ನಿಧಿ ಅಂತ ತಿಂಗಳಿಗೆ 600 ರೂಪಾಯಿ ಇದೆ. ಹೆಣ್ಣುಮಕ್ಕಳು, ಪರಿಶಿಷ್ಟ ಜಾತಿ-ಪಂಗಡದವರು, ಅಂಗವಿಕಲ ಮಕ್ಕಳು ಮತ್ತು ಬಡತನ ರೇಖೆಗಿಂತ ಕೆಳಗಿರುವ ಮನೆಯವರು ಅದನ್ನೂ ಕಟ್ಟಬೇಕಿಲ್ಲ. ಸರ್ಕಾರಿ ನೌಕರರ ಮಕ್ಕಳಿಗೆ ಮಾತ್ರ ಈ ಮೊತ್ತ ತಿಂಗಳಿಗೆ 1,500 ರೂಪಾಯಿವರೆಗೆ ಹೋಗುತ್ತದೆ.

ಒಂದು ಶಾಲೆಯಲ್ಲಿ ಆರನೇ ತರಗತಿಗೆ ಸಿಗುವುದು ಹೆಚ್ಚೆಂದರೆ 80 ಸೀಟು. ಹೆಚ್ಚಿನ ಕಡೆ ಇಡೀ ಜಿಲ್ಲೆಗೆ ಅಷ್ಟೇ. ಹಾಗಾಗಿ ಸೀಟು ಸಿಗದಿದ್ದರೆ ಮಗು ದಡ್ಡ ಅಂತ ಅರ್ಥವಲ್ಲ. ಇದನ್ನು ಮನೆಯಲ್ಲಿ ಅಜ್ಜಿ-ತಾತನಿಗೂ ಈಗಲೇ ಹೇಳಿಡಿ.

ಮೊದಲ ಜರಡಿ: ಎಲ್ಲಿ ಓದಿದ್ದು, ಯಾವಾಗ ಹುಟ್ಟಿದ್ದು

ನಿಯಮ ಕೇಳಲು ಸರಳ. ಮಗು ಆ ಜಿಲ್ಲೆಯ ನಿವಾಸಿಯಾಗಿರಬೇಕು. ಐದನೇ ತರಗತಿಯನ್ನು ಅದೇ ಜಿಲ್ಲೆಯ ಸರ್ಕಾರಿ, ಅನುದಾನಿತ ಅಥವಾ ಮಾನ್ಯತೆ ಇರುವ ಖಾಸಗಿ ಶಾಲೆಯಲ್ಲಿ ಓದುತ್ತಿರಬೇಕು. ಮೂರು, ನಾಲ್ಕು, ಐದು, ಈ ಮೂರೂ ತರಗತಿಗಳಲ್ಲಿ ಪೂರ್ತಿ ವರ್ಷ ಓದಿರಬೇಕು. ಐದನೇ ತರಗತಿಯನ್ನು ಹಿಂದಿನ ವರ್ಷವೇ ಮುಗಿಸಿದವರು, ಅಥವಾ ಮತ್ತೆ ಅದೇ ಕ್ಲಾಸಿನಲ್ಲಿ ಕೂತವರು ಬರೆಯುವಂತಿಲ್ಲ. ಒಬ್ಬ ಮಗುವಿಗೆ ಈ ಪರೀಕ್ಷೆ ಒಂದೇ ಸಲ. "ಈ ವರ್ಷ ಸುಮ್ನೆ ಅನುಭವಕ್ಕೆ ಬರೆಸೋಣ, ಮುಂದಿನ ವರ್ಷ ಗಟ್ಟಿಯಾಗಿ ನೋಡೋಣ" ಅನ್ನುವ ಲೆಕ್ಕಾಚಾರ ಇಲ್ಲಿ ನಡೆಯುವುದಿಲ್ಲ.

ವಯಸ್ಸಿನ ಲೆಕ್ಕ ಹುಟ್ಟಿದ ದಿನದ ಮೇಲೆ. 2026-27ರ ಪ್ರವೇಶಕ್ಕೆ 2014ರ ಮೇ 1ರಿಂದ 2016ರ ಜುಲೈ 31ರ ಒಳಗೆ ಹುಟ್ಟಿದವರು ಅರ್ಜಿ ಹಾಕಬಹುದಿತ್ತು. ಅದರ ಹಿಂದಿನ ವರ್ಷ 2013 ಮತ್ತು 2015 ಇತ್ತು. ನಿಮ್ಮ ಮಗುವಿನ ವರ್ಷಕ್ಕೆ ಪ್ರಕಟಣೆಯಲ್ಲಿ ಕೊಟ್ಟಿರುವ ದಿನಾಂಕವನ್ನೇ ನೋಡಿ. ಒಂದು ದಿನ ಆಚೀಚೆ ಆದರೂ ಅವಕಾಶ ಇಲ್ಲ. ಯಾವ ವರ್ಗಕ್ಕೂ ಇದರಲ್ಲಿ ರಿಯಾಯಿತಿ ಇಲ್ಲ.

ಈಗ ಗ್ರಾಮೀಣ ಕೋಟಾದ ವಿಷಯಕ್ಕೆ ಬರೋಣ. ಜಾಸ್ತಿ ಗೊಂದಲ ಇರುವುದು ಇಲ್ಲೇ.

ಜಿಲ್ಲೆಯ ಸೀಟುಗಳಲ್ಲಿ ಕನಿಷ್ಠ ಶೇ 75ರಷ್ಟು ಗ್ರಾಮೀಣ ಮಕ್ಕಳಿಗೆ. ಅಂದರೆ 80ರಲ್ಲಿ 60. ಉಳಿದವು ಎಲ್ಲರಿಗೂ ತೆರೆದಿರುತ್ತವೆ, ಅಂಕದ ಮೇಲೆ ಹೋಗುತ್ತವೆ. ಗ್ರಾಮೀಣ ಅನಿಸಿಕೊಳ್ಳಲು ಮೂರು, ನಾಲ್ಕು, ಐದನೇ ತರಗತಿಗಳನ್ನು ಪೂರ್ತಿಯಾಗಿ ಹಳ್ಳಿ ಪ್ರದೇಶದ ಶಾಲೆಯಲ್ಲೇ ಓದಿರಬೇಕು. ಈ ಮೂರು ವರ್ಷದಲ್ಲಿ ಒಂದೇ ಒಂದು ದಿನ ನಗರ ಪ್ರದೇಶದ ಶಾಲೆಯಲ್ಲಿ ಓದಿದ್ದರೂ ಆ ಮಗು ನಗರದ ಲೆಕ್ಕಕ್ಕೆ ಹೋಗುತ್ತದೆ.

ಇಲ್ಲಿ ನೋಡುವುದು ಶಾಲೆ ಎಲ್ಲಿದೆ ಅಂತ. ಮನೆ ಹಳ್ಳಿಯಲ್ಲಿದ್ದು, ಮಗು ದಿನಾ ವ್ಯಾನ್ ಹತ್ತಿ ತಾಲ್ಲೂಕು ಕೇಂದ್ರದ ಕಾನ್ವೆಂಟಿಗೆ ಹೋಗುತ್ತಿದ್ದರೆ ಅದು ನಗರವೇ. ನಾವು ಹೊಲ ಉಳುವವರು, ರೇಷನ್ ಕಾರ್ಡು ಹಳ್ಳಿಯದ್ದು ಅಂತ ಎಷ್ಟು ವಾದ ಮಾಡಿದರೂ ಪ್ರಯೋಜನ ಇಲ್ಲ. ಇನ್ನೊಂದು ಸಿಕ್ಕು ಪಟ್ಟಣ ಪಂಚಾಯಿತಿಯದ್ದು. ನಮ್ಮ ರಾಜ್ಯದಲ್ಲಿ ಎಷ್ಟೋ ಗ್ರಾಮ ಪಂಚಾಯಿತಿಗಳು ಪಟ್ಟಣ ಪಂಚಾಯಿತಿಗಳಾಗಿವೆ. ಊರು ನೋಡಲು ಮೊದಲಿನ ಹಾಗೇ ಇರುತ್ತದೆ, ಅದೇ ಅರಳಿಕಟ್ಟೆ, ಅದೇ ಎಮ್ಮೆಗಳು. ಆದರೆ ಕಾಗದದಲ್ಲಿ ಅದು ನಗರ. ನಿಮ್ಮ ಮಗುವಿನ ಶಾಲೆ ಯಾವ ಪಂಚಾಯಿತಿ ವ್ಯಾಪ್ತಿಯಲ್ಲಿದೆ ಅಂತ ಮುಖ್ಯ ಶಿಕ್ಷಕರನ್ನು ಕೇಳಿ. ಅವರಿಗೂ ಅನುಮಾನ ಇದ್ದರೆ ಕ್ಷೇತ್ರ ಶಿಕ್ಷಣಾಧಿಕಾರಿ (ಬಿಇಒ) ಕಚೇರಿಯಲ್ಲಿ ಕೇಳಿ.

ಹಾಗಾಗಿ ಎರಡನೇ ತರಗತಿ ಮುಗಿಯುವ ಹೊತ್ತಿಗೆ ಒಂದು ತೀರ್ಮಾನಕ್ಕೆ ಬರುವುದು ಒಳ್ಳೆಯದು. ನವೋದಯದ ಆಸೆ ಇದ್ದು, ಊರಿನ ಶಾಲೆಯಲ್ಲಿ ಪಾಠ ಸುಮಾರಾಗಿಯಾದರೂ ನಡೆಯುತ್ತಿದ್ದರೆ, ಮಗುವನ್ನು ಅಲ್ಲೇ ಬಿಡಿ. ಪೇಟೆ ಶಾಲೆಗೆ ಹಾಕಿ ಕೋಟಾ ಕಳೆದುಕೊಂಡು, ಆಮೇಲೆ ಉಳಿದ ಕಾಲು ಭಾಗದ ಸೀಟಿಗೆ ಇಡೀ ಜಿಲ್ಲೆಯ ಮಕ್ಕಳ ಜೊತೆ ಓಡುವುದು ಕಷ್ಟ. ಆದರೆ ಊರಿನ ಶಾಲೆಯಲ್ಲಿ ಮೇಷ್ಟ್ರೇ ಇಲ್ಲ ಅನ್ನುವ ಸ್ಥಿತಿ ಇದ್ದರೆ ಬರೀ ಕೋಟಾಕ್ಕಾಗಿ ಮೂರು ವರ್ಷ ಹಾಳು ಮಾಡಬೇಡಿ. ಓದು ಬರದ ಮಗುವಿಗೆ ಕೋಟಾ ಏನೂ ಮಾಡದು.

ಪ್ರಮಾಣಪತ್ರ: ಎರಡು 'ಒಬಿಸಿ' ಇವೆ

ಪರಿಶಿಷ್ಟ ಜಾತಿ ಮತ್ತು ಪಂಗಡಕ್ಕೆ ಜಿಲ್ಲೆಯ ಜನಸಂಖ್ಯೆ ನೋಡಿಕೊಂಡು ಮೀಸಲಾತಿ ಇದೆ. ಆದರೆ ಶೇ 15 ಮತ್ತು ಶೇ 7.5ಕ್ಕಿಂತ ಕಡಿಮೆ ಆಗುವಂತಿಲ್ಲ. ಹಿಂದುಳಿದ ವರ್ಗಕ್ಕೆ, ಅಂದರೆ ಒಬಿಸಿಗೆ, ಶೇ 27. ಒಟ್ಟು ಸೀಟಿನಲ್ಲಿ ಮೂರನೇ ಒಂದು ಭಾಗವಾದರೂ ಹೆಣ್ಣುಮಕ್ಕಳಿಗೆ.

ಹಿಂದುಳಿದ ವರ್ಗದವರು ಇಲ್ಲಿ ಎಚ್ಚರವಾಗಿರಬೇಕು. ನಮ್ಮ ಮನೆಗಳಲ್ಲಿ ಇರುವುದು ಸಾಮಾನ್ಯವಾಗಿ ಪ್ರವರ್ಗ 1, 2ಎ, 2ಬಿ, 3ಎ, 3ಬಿ ಅಂತ ಬರೆದಿರುವ ರಾಜ್ಯದ ಜಾತಿ-ಆದಾಯ ಪ್ರಮಾಣಪತ್ರ. ನವೋದಯ ಕೇಂದ್ರದ ಶಾಲೆ. ಅಲ್ಲಿ ನಡೆಯುವುದು ಕೇಂದ್ರದ ಒಬಿಸಿ ಪಟ್ಟಿ, ಕೇಂದ್ರದ ನಮೂನೆ. ರಾಜ್ಯದ ಪಟ್ಟಿಯಲ್ಲಿರುವ ಎಲ್ಲ ಸಮುದಾಯಗಳೂ ಕೇಂದ್ರದ ಪಟ್ಟಿಯಲ್ಲಿಲ್ಲ. ಮೊದಲು ನಿಮ್ಮ ಜಾತಿ ಕೇಂದ್ರದ ಪಟ್ಟಿಯಲ್ಲಿದೆಯಾ ನೋಡಿ. ಇದ್ದರೆ ನಾಡಕಚೇರಿಯಲ್ಲಿ "ಕೇಂದ್ರದ ಒಬಿಸಿ ಪ್ರಮಾಣಪತ್ರ ಬೇಕು" ಅಂತ ಬಾಯಿಬಿಟ್ಟು ಹೇಳಿ ಅರ್ಜಿ ಹಾಕಿ. ಸುಮ್ನೆ ಜಾತಿ ಪ್ರಮಾಣಪತ್ರ ಅಂದರೆ ರಾಜ್ಯದ್ದೇ ಕೈಗೆ ಬರುತ್ತದೆ. ಪಟ್ಟಿಯಲ್ಲಿ ಇಲ್ಲದಿದ್ದರೆ ಸಾಮಾನ್ಯ ವರ್ಗದಲ್ಲಿ ಅರ್ಜಿ ಹಾಕಿ. ಒಬಿಸಿ ಅಂತ ಹಾಕಿ, ಆಯ್ಕೆಯಾಗಿ, ದಾಖಲೆ ಪರಿಶೀಲನೆಯ ದಿನ ಪತ್ರ ಇಲ್ಲ ಅಂತಾದರೆ ಆ ಮಗುವಿನ ಮುಖ ನೋಡಲಾಗದು.

ಪತ್ರ ಮಗುವಿನ ಹೆಸರಿನಲ್ಲೇ ಇರಲಿ, ಅಪ್ಪನ ಹೆಸರಿನದ್ದು ಸಾಲದು. ಆಧಾರ್, ಜನನ ಪ್ರಮಾಣಪತ್ರ, ಶಾಲೆಯ ದಾಖಲಾತಿ ಪುಸ್ತಕ, ಸ್ಯಾಟ್ಸ್ (ಶಿಕ್ಷಣ ಇಲಾಖೆಯ ಆನ್‌ಲೈನ್ ವಿದ್ಯಾರ್ಥಿ ದಾಖಲೆ), ಈ ನಾಲ್ಕು ಕಡೆ ಹೆಸರು ಮತ್ತು ಹುಟ್ಟಿದ ದಿನ ಒಂದೇ ಇದೆಯಾ ಅಂತ ನಾಲ್ಕನೇ ತರಗತಿಯಲ್ಲೇ ತಾಳೆ ನೋಡಿ. 'ಮಂಜುನಾಥ', 'ಮಂಜುನಾಥ್', 'ಮಂಜುನಾಥ ಹೆಚ್.' ಅಂತ ಮೂರು ಕಡೆ ಮೂರು ಥರ ಇರುವುದು ಅಪರೂಪವೇನಲ್ಲ. ಸರಿಪಡಿಸಲು ತಿಂಗಳುಗಟ್ಟಲೆ ಹಿಡಿಯುತ್ತದೆ. ಅರ್ಜಿಯ ಕೊನೆಯ ವಾರದಲ್ಲಿ ಆಧಾರ್ ಕೇಂದ್ರದ ಸಾಲಿನಲ್ಲಿ ನಿಲ್ಲುವ ಪಾಡು ಯಾರಿಗೂ ಬೇಡ.

ಅರ್ಜಿ ತುಂಬುವುದು

ಅರ್ಜಿ ಆನ್‌ಲೈನ್‌ನಲ್ಲಿ ಮಾತ್ರ. ನವೋದಯ ವಿದ್ಯಾಲಯ ಸಮಿತಿಯ ವೆಬ್‌ಸೈಟಿನಲ್ಲಿ ಕೊಂಡಿ ಇರುತ್ತದೆ. ಸಾಮಾನ್ಯವಾಗಿ ಬೇಸಿಗೆ ರಜೆ ಮುಗಿಯುವ ಹೊತ್ತಿಗೆ ಶುರುವಾಗುತ್ತದೆ. ಕೊನೆಯ ದಿನವನ್ನು ಮುಂದೂಡುವುದೂ ಉಂಟು, ಆದರೆ ಅದನ್ನು ನಂಬಿ ಕೂರಬೇಡಿ. ಅರ್ಜಿಗೆ ಶುಲ್ಕ ಇಲ್ಲ. ಗ್ರಾಮ ಒನ್ ಅಥವಾ ಸೈಬರ್ ಸೆಂಟರಿನಲ್ಲಿ ತುಂಬಿಸಿದರೆ ಅವರ ಕೆಲಸಕ್ಕೆ ಕೊಡುವ ದುಡ್ಡು ಅಷ್ಟೇ. "ನವೋದಯ ಫೀಸು" ಅಂತ ಯಾರಾದರೂ ಕೇಳಿದರೆ ಕೊಡಬೇಡಿ. ಫೋನಿನಲ್ಲಿ ತುಂಬಲು ಕಷ್ಟವಾದರೆ ನಿಮ್ಮ ಜಿಲ್ಲೆಯ ನವೋದಯ ಶಾಲೆಯ ಸಹಾಯ ಕೇಂದ್ರದಲ್ಲಿ ದುಡ್ಡಿಲ್ಲದೆ ಸಹಾಯ ಮಾಡುತ್ತಾರೆ.

ಕೆಲಸವನ್ನು ಈ ಕ್ರಮದಲ್ಲಿ ಮಾಡಿದರೆ ಓಡಾಟ ಕಡಿಮೆ:

1. ವೆಬ್‌ಸೈಟಿನಿಂದ ಮುಖ್ಯ ಶಿಕ್ಷಕರು ತುಂಬಿಕೊಡಬೇಕಾದ ಪ್ರಮಾಣಪತ್ರದ ನಮೂನೆಯನ್ನು ಪ್ರಿಂಟ್ ತೆಗೆಸಿ. ಮಗುವಿನ ಫೋಟೋ ಅಂಟಿಸಿ ಶಾಲೆಗೆ ಕೊಡಿ. ಮಗುವಿನ ಸಹಿ, ನಿಮ್ಮ ಸಹಿ, ಮುಖ್ಯ ಶಿಕ್ಷಕರ ಸಹಿ ಮತ್ತು ಮೊಹರು ಮೂರೂ ಬೇಕು.

2. ಅದರಲ್ಲಿ ಮೂರು, ನಾಲ್ಕು, ಐದನೇ ತರಗತಿ ಓದಿದ ಶಾಲೆ, ಸೇರಿದ ಮತ್ತು ಬಿಟ್ಟ ತಿಂಗಳು, ಗ್ರಾಮೀಣವೋ ನಗರವೋ ಅಂತ ಬರೆಯುತ್ತಾರೆ. ಕೈಗೆ ಬಂದ ತಕ್ಷಣ ಅಲ್ಲೇ ನಿಂತು ಓದಿ. ಮುಖ್ಯ ಶಿಕ್ಷಕರು ಬೇಕಂತ ತಪ್ಪು ಬರೆಯುವುದಿಲ್ಲ, ಆದರೆ ಒಂದೇ ದಿನ ಇಪ್ಪತ್ತು ಮಕ್ಕಳದ್ದು ಬರೆಯುವಾಗ ಕೈ ತಪ್ಪುತ್ತದೆ.

3. ಆ ಪತ್ರ, ಮಗುವಿನ ಫೋಟೋ, ಮಗುವಿನ ಸಹಿ, ನಿಮ್ಮ ಸಹಿ, ಇವನ್ನು ಬೇರೆ ಬೇರೆಯಾಗಿ ಸ್ಕ್ಯಾನ್ ಮಾಡಿಸಿ. ಫೈಲಿನ ಅಳತೆ ಎಷ್ಟಿರಬೇಕು ಅಂತ ಅರ್ಜಿಯಲ್ಲೇ ಹೇಳಿರುತ್ತಾರೆ. ಮಗು ಯಾವ ಸಹಿ ಹಾಕಿತೋ ಅದನ್ನೇ ಮುಂದೆ ಪರೀಕ್ಷೆಯ ದಿನವೂ ಹಾಕಬೇಕು. ಹತ್ತು ವರ್ಷದ ಮಗುವಿಗೆ ಶೋಕಿ ಸಹಿ ಬೇಡ, ಹೆಸರು ಬರೆದರೆ ಸಾಕು.

4. ಫೋನ್ ನಂಬರ್ ನಿಮ್ಮದೇ ಇರಲಿ. ಸೈಬರ್‌ನವರದ್ದು ಬೇಡ, ರೀಚಾರ್ಜ್ ಮಾಡಿಸದೆ ನಿಂತು ಹೋಗುವ ನಂಬರೂ ಬೇಡ.

5. ಕಳಿಸುವ ಮೊದಲು ಪರದೆಯ ಮೇಲೆ ಜಿಲ್ಲೆ, ತಾಲ್ಲೂಕು, ವರ್ಗ, ಗ್ರಾಮೀಣ-ನಗರ, ಪರೀಕ್ಷೆಯ ಭಾಷೆ ಐದನ್ನೂ ಗಟ್ಟಿಯಾಗಿ ಓದಿಸಿಕೊಳ್ಳಿ. ನೋಂದಣಿ ಸಂಖ್ಯೆ ಇರುವ ಹಾಳೆಯ ಪ್ರಿಂಟ್ ಎರಡು ತೆಗೆದಿಡಿ.

ಕೊನೆಯ ದಿನ ಮುಗಿದ ಮೇಲೆ ತಿದ್ದುಪಡಿಗೆ ಸ್ವಲ್ಪ ದಿನ ಅವಕಾಶ ಕೊಡುತ್ತಾರೆ. ಲಿಂಗ, ವರ್ಗ, ಗ್ರಾಮೀಣ-ನಗರ, ಅಂಗವೈಕಲ್ಯ, ಪರೀಕ್ಷೆಯ ಭಾಷೆ, ಇಷ್ಟನ್ನು ಮಾತ್ರ ಆಗ ಬದಲಿಸಬಹುದು.

ಯಾವ ಭಾಷೆಯಲ್ಲಿ ಬರೆಸುವುದು

ಮಗು ಯಾವ ಭಾಷೆಯಲ್ಲಿ ಗಣಿತ ಕಲಿತಿದೆಯೋ ಆ ಭಾಷೆ. ಇದರಲ್ಲಿ ಪ್ರತಿಷ್ಠೆಯ ಮಾತೇ ಇಲ್ಲ. ಕನ್ನಡ ಶಾಲೆಯ ಮಗುವಿಗೆ 'ಮುಂದೆ ಹೇಗೂ ಇಂಗ್ಲಿಷ್ ತಾನೇ' ಅಂತ ಇಂಗ್ಲಿಷ್ ಹಾಕಿಸಿದರೆ ಭಾಷಾ ವಿಭಾಗದ 25 ಅಂಕ ಅರ್ಧ ಹೋದ ಹಾಗೆಯೇ. ಉಲ್ಟಾ ಕೂಡ ಆಗುತ್ತದೆ. ಇಂಗ್ಲಿಷ್ ಮೀಡಿಯಂ ಮಗು ಮನೆಯಲ್ಲಿ ಚೆನ್ನಾಗಿ ಕನ್ನಡ ಮಾತಾಡುತ್ತದೆ ಅಂತ ಕನ್ನಡ ಹಾಕಿಸಿದರೆ, ಅದಕ್ಕೆ ಎಲ್‌ಸಿಎಂ ಗೊತ್ತು, ಲ.ಸಾ.ಅ. ಗೊತ್ತಿಲ್ಲ. ಅಂಶ, ಛೇದ, ಸುತ್ತಳತೆ, ಅಪವರ್ತನ ಅನ್ನುವ ಮಾತುಗಳು ಎದುರಾದಾಗ ಬರುವ ಲೆಕ್ಕವನ್ನೂ ಬಿಟ್ಟು ಬರುತ್ತದೆ. ಹಳೆಯ ಪ್ರಶ್ನೆಪತ್ರಿಕೆಯನ್ನು ಎರಡೂ ಭಾಷೆಯಲ್ಲಿ ಕೊಟ್ಟು ನೋಡಿ, ಎಲ್ಲಿ ಜಾಸ್ತಿ ಅಂಕ ಬರುತ್ತದೋ ಅದನ್ನು ಆರಿಸಿ.

ಪರೀಕ್ಷೆ ಮತ್ತು ತಯಾರಿ

ಎರಡು ಗಂಟೆ, 80 ಪ್ರಶ್ನೆ, 100 ಅಂಕ. ಪ್ರತಿ ಪ್ರಶ್ನೆಗೆ ಒಂದೂಕಾಲು ಅಂಕ. ಮಾನಸಿಕ ಸಾಮರ್ಥ್ಯದ 40 ಪ್ರಶ್ನೆಗೆ 50 ಅಂಕ, ಅಂಕಗಣಿತದ 20 ಪ್ರಶ್ನೆಗೆ 25, ಭಾಷೆಯ 20 ಪ್ರಶ್ನೆಗೆ 25. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ. ಅಂಗವಿಕಲ ಮಕ್ಕಳಿಗೆ 40 ನಿಮಿಷ ಹೆಚ್ಚು ಸಮಯ ಇದೆ.

ಅರ್ಧ ಅಂಕ ಮಾನಸಿಕ ಸಾಮರ್ಥ್ಯದ್ದು. ಶಾಲೆಯ ಪಾಠದಲ್ಲಿ ಇಲ್ಲದ್ದೂ ಅದೇ. ಬರೀ ಚಿತ್ರಗಳು, ಅಕ್ಷರ ಇಲ್ಲ. ಗುಂಪಿಗೆ ಸೇರದ ಚಿತ್ರ, ಅದೇ ಥರದ ಚಿತ್ರ, ಅರ್ಧ ಬಿಟ್ಟ ಚಿತ್ರವನ್ನು ಪೂರ್ತಿ ಮಾಡುವುದು, ಸಾಲಿನಲ್ಲಿ ಮುಂದೆ ಬರುವ ಚಿತ್ರ, ಕನ್ನಡಿಯಲ್ಲಿ ಕಾಣುವ ರೂಪ, ಮಡಚಿ ತೂತು ಮಾಡಿದ ಕಾಗದ ಬಿಡಿಸಿದಾಗ ಹೇಗೆ ಕಾಣುತ್ತದೆ, ದೊಡ್ಡ ಚಿತ್ರದೊಳಗೆ ಅಡಗಿದ ಸಣ್ಣ ಚಿತ್ರ. ಹೀಗೆ ಹತ್ತು ಬಗೆ, ಪ್ರತಿ ಬಗೆಗೆ ನಾಲ್ಕು ಪ್ರಶ್ನೆ.

ಇದನ್ನು ಪುಸ್ತಕದಲ್ಲಿ ಕಲಿಸುವ ಮೊದಲು ಕೈಯಲ್ಲಿ ಕಲಿಸಿ. ಹಳೆಯ ಪೇಪರ್ ತೆಗೆದುಕೊಳ್ಳಿ, ಎರಡು ಸಲ ಮಡಚಿ, ಮೂಲೆಯಲ್ಲಿ ತೂತು ಮಾಡಿ. ಬಿಡಿಸುವ ಮೊದಲು ಎಷ್ಟು ತೂತು, ಎಲ್ಲೆಲ್ಲಿ ಅಂತ ಮಗು ಬರೆದು ತೋರಿಸಲಿ. ಆಮೇಲೆ ಬಿಡಿಸಿ ನೋಡಲಿ. ಕನ್ನಡಿ ಪ್ರಶ್ನೆಗೆ ಗೋಡೆಯ ಕನ್ನಡಿಯನ್ನೇ ಇಳಿಸಿಕೊಳ್ಳಿ, ಪುಸ್ತಕದ ಚಿತ್ರದ ಪಕ್ಕ ನಿಲ್ಲಿಸಿ. ಒಂದು ವಾರ ಹೀಗೆ ಆಡಿದ ಮಗು ಆಮೇಲೆ ಕನ್ನಡಿ ಇಲ್ಲದೆಯೂ ಉತ್ತರ ಹೇಳುತ್ತದೆ. ಬರೀ ಗೈಡ್ ತಿರುವಿದ ಮಕ್ಕಳು ಉತ್ತರವನ್ನು ಬಾಯಿಪಾಠ ಮಾಡಿರುತ್ತಾರೆ, ಚಿತ್ರ ಸ್ವಲ್ಪ ತಿರುಗಿದರೆ ತಬ್ಬಿಬ್ಬಾಗುತ್ತಾರೆ.

ಗಣಿತ ಐದನೇ ತರಗತಿಯ ಮಟ್ಟದ್ದೇ. ಭಿನ್ನರಾಶಿ, ದಶಮಾಂಶ, ಲ.ಸಾ.ಅ., ಮ.ಸಾ.ಅ., ಶೇಕಡಾ, ಲಾಭ-ನಷ್ಟ, ದೂರ-ಸಮಯ, ಸುತ್ತಳತೆ-ವಿಸ್ತೀರ್ಣ. ಮಗ್ಗಿ ಗಟ್ಟಿ ಇಲ್ಲದಿದ್ದರೆ ಇವು ಯಾವುದೂ ಸಮಯಕ್ಕೆ ಮುಗಿಯುವುದಿಲ್ಲ. ಇಪ್ಪತ್ತರವರೆಗಿನ ಮಗ್ಗಿ ನಾಲ್ಕನೇ ತರಗತಿಯಲ್ಲೇ ನಾಲಿಗೆ ಮೇಲಿರಲಿ. ಸಂತೆಗೆ ಹೋಗುವಾಗ ಮಗುವನ್ನು ಕರೆದುಕೊಂಡು ಹೋಗಿ ಲೆಕ್ಕ ಮಾಡಿಸಿ. ಮುಕ್ಕಾಲು ಕೆಜಿ ಬೀನ್ಸಿಗೆ ಎಷ್ಟು ಅಂತ ಬಾಯಲ್ಲಿ ಹೇಳುವ ಮಗುವಿಗೆ ಭಿನ್ನರಾಶಿ ಕಂಡರೆ ಭಯ ಇರುವುದಿಲ್ಲ.

ಭಾಷೆಯಲ್ಲಿ ನಾಲ್ಕು ಗದ್ಯ ಭಾಗ, ಪ್ರತಿಯೊಂದಕ್ಕೂ ಐದು ಪ್ರಶ್ನೆ. "ಕನ್ನಡ ತಾನೇ, ಬರುತ್ತೆ ಬಿಡಿ" ಅಂತ ಎಲ್ಲರೂ ಬಿಡುವ ವಿಭಾಗ ಇದು. ಆದರೆ ಹೊಸ ಪುಟವೊಂದನ್ನು ತಡವರಿಸದೆ ಓದಿ ಅರ್ಥ ಮಾಡಿಕೊಳ್ಳುವ ಮಕ್ಕಳು ಕಡಿಮೆ. ಇದಕ್ಕೆ ಗೈಡ್ ಬೇಡ. ಗ್ರಾಮ ಪಂಚಾಯಿತಿಯ ಅರಿವು ಕೇಂದ್ರದಿಂದ, ಅಂದರೆ ಊರಿನ ಗ್ರಂಥಾಲಯದಿಂದ, ಕತೆ ಪುಸ್ತಕ ತನ್ನಿ. ಮಗು ಮನಸ್ಸಿನಲ್ಲೇ ಒಂದು ಪುಟ ಓದಲಿ, ನೀವು ಮೂರು ಪ್ರಶ್ನೆ ಕೇಳಿ. ನಿಮಗೆ ಓದಲು ಬರದಿದ್ದರೂ ಇದನ್ನು ಮಾಡಬಹುದು. "ಏನು ಓದಿದೆ, ಕತೆ ಹೇಳು" ಅಂದರೆ ಸಾಕು. ತಡವರಿಸಿದ ಕಡೆ ಅರ್ಥ ಆಗಿಲ್ಲ ಅಂತ ನಿಮಗೇ ತಿಳಿಯುತ್ತದೆ.

ದಿನಕ್ಕೆ ಒಂದು ಗಂಟೆ, ಸುಮಾರು ಎಂಟು-ಒಂಬತ್ತು ತಿಂಗಳು. ಇಷ್ಟು ಮಾಡಿದರೆ ಸಾಕು ಅನ್ನುವುದು ನನ್ನ ಅಭಿಪ್ರಾಯ. ಕೊನೆಯ ಎರಡು ತಿಂಗಳು ವಾರಕ್ಕೊಂದು ಪೂರ್ತಿ ಪ್ರಶ್ನೆಪತ್ರಿಕೆ, ಗಡಿಯಾರ ಇಟ್ಟುಕೊಂಡು. ವೃತ್ತ ತುಂಬಿ ಉತ್ತರ ಗುರುತಿಸುವ ಓಎಂಆರ್ ಹಾಳೆಯ ಜೆರಾಕ್ಸ್ ಮಾಡಿಸಿ ಅದರಲ್ಲೇ ಬರೆಸಿ. ಪೆನ್ಸಿಲ್ ಬೇಡ, ಪೆನ್ನಿನಲ್ಲೇ. ಪರೀಕ್ಷೆಯಲ್ಲಿ ಒಮ್ಮೆ ತುಂಬಿದ ವೃತ್ತವನ್ನು ಅಳಿಸುವ, ತಿದ್ದುವ ಹಾಗಿಲ್ಲ. ಶಾಲೆಯಲ್ಲಿ ಪೆನ್ಸಿಲ್-ರಬ್ಬರ್ ಅಭ್ಯಾಸವಾದ ಮಕ್ಕಳಿಗೆ ಇದೇ ದೊಡ್ಡ ಗಂಡಾಂತರ. ಒಂದು ಪ್ರಶ್ನೆ ಬಿಟ್ಟು ಮುಂದೆ ಹೋದಾಗ ಉತ್ತರವೆಲ್ಲ ಒಂದೊಂದು ಸಾಲು ಜರುಗಿಬಿಡುವುದೂ ಉಂಟು. ಪ್ರತಿ ಹತ್ತು ಪ್ರಶ್ನೆಗೊಮ್ಮೆ ನಂಬರ್ ನೋಡಿಕೊಳ್ಳುವುದನ್ನು ಕಲಿಸಿ.

ವಸತಿ ಕೋಚಿಂಗ್ ಬೇಕಾ?

ಉತ್ತರ ಕರ್ನಾಟಕದ ಕೆಲವು ಊರುಗಳಲ್ಲಿ ಇದು ದೊಡ್ಡ ವ್ಯವಹಾರ. ನಾಲ್ಕು-ಐದನೇ ತರಗತಿಯ ಮಕ್ಕಳನ್ನು ವರ್ಷಪೂರ್ತಿ ಇಟ್ಟುಕೊಂಡು ಬೆಳಗಿನಿಂದ ರಾತ್ರಿವರೆಗೆ ಪ್ರಶ್ನೆಪತ್ರಿಕೆ ಬಿಡಿಸುತ್ತಾರೆ. ನನಗೆ ಇದು ಸ್ವಲ್ಪವೂ ಇಷ್ಟವಿಲ್ಲ, ಮುಚ್ಚಿಡುವುದೇನು. ಇಷ್ಟದ ಮಾತು ಬಿಟ್ಟು ಬರೀ ನಿಯಮ ನೋಡಿದರೂ ಇದರಲ್ಲಿ ಅಪಾಯ ಇದೆ. ಮಗುವಿನ ಹೆಸರು ಊರಿನ ಶಾಲೆಯಲ್ಲಿ, ಮಗು ಮಾತ್ರ ಬೇರೆ ಜಿಲ್ಲೆಯ ಕೋಚಿಂಗ್‌ನಲ್ಲಿ. ಹಾಜರಾತಿ ಸುಳ್ಳು, ಪ್ರಮಾಣಪತ್ರವೂ ಸುಳ್ಳು. ದಾಖಲೆ ತಪ್ಪು ಅಂತ ಗೊತ್ತಾದರೆ ಸೇರಿದ ಮೇಲೂ ಸೀಟು ಹೋಗಬಹುದು. ಸಹಿ ಹಾಕಿದ ಮುಖ್ಯ ಶಿಕ್ಷಕರಿಗೂ ತೊಂದರೆ.

ಊರಲ್ಲೇ ಸಂಜೆ ಹೊತ್ತು ಹೇಳಿಕೊಡುವವರಿದ್ದರೆ ಧಾರಾಳವಾಗಿ ಕಳಿಸಿ. ನವೋದಯದಲ್ಲಿ ಓದಿದ ಅಣ್ಣ-ಅಕ್ಕಂದಿರು ಅಕ್ಕಪಕ್ಕದ ಊರಿನಲ್ಲಿ ಇದ್ದರೆ ಇನ್ನೂ ಒಳ್ಳೆಯದು. ರಜೆಗೆ ಬಂದಾಗ ಅವರು ಒಂದು ವಾರ ಹೇಳಿಕೊಟ್ಟರೂ ಸಾಕು, ಹಾಸ್ಟೆಲ್ ಬಗ್ಗೆ ನಿಜವಾದ ಸುದ್ದಿಯೂ ಅವರಿಂದಲೇ ಸಿಗುತ್ತದೆ.

ಪರೀಕ್ಷೆಯ ದಿನ

ಪ್ರವೇಶಪತ್ರವನ್ನು ವೆಬ್‌ಸೈಟಿನಿಂದ ನೀವೇ ಇಳಿಸಿಕೊಳ್ಳಬೇಕು, ಅಂಚೆಯಲ್ಲಿ ಬರುವುದಿಲ್ಲ. ಪರೀಕ್ಷೆಯ ತಿಂಗಳು ವರ್ಷದಿಂದ ವರ್ಷಕ್ಕೆ ಬದಲಾಗಿದೆ. 2025-26ರ ಪ್ರವೇಶಕ್ಕೆ 2025ರ ಜನವರಿ 18ರಂದು ನಡೆಯಿತು, ಮರುವರ್ಷದ್ದು ಡಿಸೆಂಬರ್ 13ಕ್ಕೇ ಬಂತು. ಸಮಯ ಬೆಳಿಗ್ಗೆ 11.30ರಿಂದ 1.30. ಪ್ರಶ್ನೆಪತ್ರಿಕೆ ಕೈಗೆ ಬಂದ ಕೂಡಲೇ ತಾನು ಆರಿಸಿದ ಭಾಷೆಯದ್ದೇನಾ ಅಂತ ನೋಡಿಕೊಳ್ಳಲು ಮಗುವಿಗೆ ಹೇಳಿ. ಬೇರೆ ಬಂದಿದ್ದರೆ ಕೈ ಎತ್ತಿ ಕೇಳುವ ಧೈರ್ಯ ಇರಬೇಕು. ಅಂಕ ಕಳೆಯದ ಕಾರಣ ಯಾವ ಪ್ರಶ್ನೆಯನ್ನೂ ಖಾಲಿ ಬಿಡಬಾರದು. ನೀಲಿ ಅಥವಾ ಕಪ್ಪು ಬಾಲ್ ಪೆನ್ನು ಎರಡು ಕೊಟ್ಟು ಕಳಿಸಿ. ಹೊಟ್ಟೆ ತುಂಬ ತಿಂಡಿ ತಿನ್ನಿಸಿ, ಯಾಕೆಂದರೆ ಹೊರಗೆ ಬರುವಾಗ ಊಟದ ಹೊತ್ತು ಮೀರಿರುತ್ತದೆ.

ಮಗುವನ್ನು ಕೇಳಿದಿರಾ?

ಫಲಿತಾಂಶ ಬಂದ ಮೇಲೆ ಕೇಳಿದರೆ ಅದು ಕೇಳಿದ ಹಾಗಲ್ಲ. ಅಷ್ಟು ಹೊತ್ತಿಗೆ ಊರೆಲ್ಲ ಸಿಹಿ ಹಂಚಿ ಆಗಿರುತ್ತದೆ. ಅರ್ಜಿ ಹಾಕುವ ಮೊದಲೇ ಕೂರಿಸಿ ಹೇಳಿ. ಬೆಳಿಗ್ಗೆ ಬೇಗ ಎದ್ದು ವ್ಯಾಯಾಮಕ್ಕೆ ಹೋಗಬೇಕು. ಬಟ್ಟೆ, ತಟ್ಟೆ, ಹಾಸಿಗೆ ತಾನೇ ನೋಡಿಕೊಳ್ಳಬೇಕು. ಅರಾವಳಿ, ನೀಲಗಿರಿ, ಶಿವಾಲಿಕ್, ಉದಯಗಿರಿ ಅಂತ ಮಕ್ಕಳ ಗುಂಪುಗಳಿರುತ್ತವೆ, ಅಲ್ಲಿ ದೊಡ್ಡ ಮಕ್ಕಳ ಜೊತೆ ಹೊಂದಿಕೊಂಡು ಇರಬೇಕು. ಫೋನ್ ಇಲ್ಲ. ಅಪ್ಪ-ಅಮ್ಮ ಬಂದು ನೋಡುವುದು ಶಾಲೆ ಹೇಳಿದ ದಿನ ಮಾತ್ರ.

ಓದಿನ ಭಾಷೆಯನ್ನೂ ಹೇಳಿ. ಏಳು ಅಥವಾ ಎಂಟನೇ ತರಗತಿವರೆಗೆ ನಮ್ಮ ಭಾಷೆ, ಆಮೇಲೆ ಗಣಿತ-ವಿಜ್ಞಾನ ಇಂಗ್ಲಿಷಿನಲ್ಲಿ, ಸಮಾಜ ವಿಜ್ಞಾನ ಹಿಂದಿಯಲ್ಲಿ ಅನ್ನುವುದು ನವೋದಯದ ನಿಯಮ. ಒಂಬತ್ತನೇ ತರಗತಿಯಲ್ಲಿ ಶೇ 30ರಷ್ಟು ಮಕ್ಕಳನ್ನು ಒಂದು ವರ್ಷಕ್ಕೆ ಬೇರೆ ಭಾಷೆಯ ರಾಜ್ಯದ ನವೋದಯಕ್ಕೆ ಕಳಿಸುವ ಪದ್ಧತಿಯೂ ಇದೆ. ಹಾಗೆ ಹಿಂದಿ ರಾಜ್ಯಗಳಿಗೆ ಹೋಗುವ ನಮ್ಮ ಮಕ್ಕಳಿದ್ದಾರೆ, ಅಲ್ಲಿಂದ ಇಲ್ಲಿಗೆ ಬಂದು ಕನ್ನಡ ಕಲಿಯುವ ಮಕ್ಕಳೂ ಇದ್ದಾರೆ. ಕೆಲವರಿಗೆ ಅದೇ ಜೀವನದ ಒಳ್ಳೆಯ ವರ್ಷ. ಆದರೆ ಸೇರಿಸುವಾಗ ನಿಮಗೆ ಇದು ಗೊತ್ತಿರಬೇಕು.

ರಾತ್ರಿ ಹಾಸಿಗೆ ಒದ್ದೆ ಮಾಡುವ, ಪಿಟ್ಸ್ ಅಥವಾ ಆಸ್ತಮಾ ಇರುವ ಮಗುವಾದರೆ ಅದನ್ನು ಶಾಲೆಗೆ ಸೇರಿಸುವಾಗಲೇ ಹೇಳಿ. ಮುಚ್ಚಿಟ್ಟರೆ ಕಷ್ಟ ಮಗುವಿಗೆ. ಅಜ್ಜಿ ಮನೆಯಲ್ಲಿ ಒಂದು ವಾರ ಒಬ್ಬನೇ ಇರಲಾಗದ ಮಗುವನ್ನು ಬಲವಂತ ಮಾಡಿ ಕಳಿಸುವುದಕ್ಕಿಂತ, ಸೀಟು ಬಿಡುವುದೇ ಮೇಲು ಅನ್ನುವವರ ಪೈಕಿ ನಾನು.

ಫಲಿತಾಂಶ ಬಂದ ಮೇಲೆ

ಪಟ್ಟಿಯಲ್ಲಿ ಹೆಸರು ಬಂದರೆ ಅದು ತಾತ್ಕಾಲಿಕ ಆಯ್ಕೆ. ದಾಖಲೆ ಪರಿಶೀಲನೆ ಆದ ಮೇಲೆಯೇ ಖಚಿತ. ಜನನ ಪ್ರಮಾಣಪತ್ರ, ಮೂರೂ ತರಗತಿಯ ವ್ಯಾಸಂಗ ಪ್ರಮಾಣಪತ್ರ, ಗ್ರಾಮೀಣ ಪ್ರಮಾಣಪತ್ರ, ವಾಸದ ದಾಖಲೆ, ಜಾತಿ ಪ್ರಮಾಣಪತ್ರ, ಆಧಾರ್, ವೈದ್ಯಕೀಯ ಪ್ರಮಾಣಪತ್ರ, ಇವುಗಳ ಮೂಲ ಪ್ರತಿ ಮತ್ತು ಜೆರಾಕ್ಸ್ ಎರಡೂ ಇರಲಿ. ಶಾಲೆ ಕೊಡುವ ಪಟ್ಟಿಯಲ್ಲಿ ಇನ್ನೇನಾದರೂ ಇದೆಯಾ ನೋಡಿಕೊಳ್ಳಿ.

ಟಿಸಿ ತೆಗೆಸಲು ಮಾತ್ರ ಅವಸರ ಬೇಡ. ನವೋದಯದವರು ಪ್ರವೇಶ ಖಚಿತ ಅಂದ ಮೇಲೆ ತೆಗೆಸಿ. ಈಗಿನ ಶಾಲೆ ಐದನೇ ತರಗತಿಗೇ ಮುಗಿಯುವ ಕಿರಿಯ ಪ್ರಾಥಮಿಕ ಶಾಲೆಯಾದರೆ, ಆರನೇ ತರಗತಿಗೆ ಎಲ್ಲಿ ಅಂತ ಇನ್ನೊಂದು ದಾರಿ ನೋಡಿಟ್ಟುಕೊಂಡಿರಿ.

ಮೊದಲ ಪಟ್ಟಿಯಲ್ಲಿ ಹೆಸರು ಇಲ್ಲ ಅಂದರೂ ಎಲ್ಲ ಮುಗಿಯಿತು ಅಂತಲ್ಲ. ಆಯ್ಕೆಯಾದ ಕೆಲವರು ಸೇರುವುದಿಲ್ಲ, ಕೆಲವರ ದಾಖಲೆ ಸರಿ ಇರುವುದಿಲ್ಲ. ಆ ಸೀಟುಗಳು ಕಾಯುವ ಪಟ್ಟಿಯವರಿಗೆ ಹೋಗುತ್ತವೆ. ಅರ್ಜಿಯಲ್ಲಿ ನಿಮ್ಮದೇ ಫೋನ್ ನಂಬರ್ ಇರಲಿ ಅಂದಿದ್ದು ಇದಕ್ಕೇ. ಈ ಹೊತ್ತಿನಲ್ಲಿ "ಸೀಟು ಮಾಡಿಸಿಕೊಡುತ್ತೇನೆ, ಇಷ್ಟು ಕೊಡಿ" ಅನ್ನುವವರು ಹುಟ್ಟಿಕೊಳ್ಳುತ್ತಾರೆ. ಶಾಸಕರ ಪತ್ರ, ಸಂಸದರ ಪತ್ರ ಯಾವುದೂ ಇಲ್ಲಿ ನಡೆಯುವುದಿಲ್ಲ. ಪರೀಕ್ಷೆ ಬಿಟ್ಟರೆ ಬೇರೆ ಬಾಗಿಲೇ ಇಲ್ಲ.

ಬೇರೆ ದಾರಿಗಳು

ನವೋದಯ ಒಂದನ್ನೇ ನಂಬಿ ಕೂರಬೇಡಿ. ಅದೇ ತಯಾರಿಯಲ್ಲಿ ಮಗು ಇನ್ನೂ ಎರಡು ಪರೀಕ್ಷೆ ಬರೆಯಬಹುದು. ಮೊರಾರ್ಜಿ ದೇಸಾಯಿ, ಕಿತ್ತೂರು ರಾಣಿ ಚೆನ್ನಮ್ಮ ಮುಂತಾದ ರಾಜ್ಯದ ವಸತಿ ಶಾಲೆಗಳ ಆರನೇ ತರಗತಿಗೆ ಪ್ರವೇಶ ಪರೀಕ್ಷೆ ಇದೆ, ಇತ್ತೀಚಿನ ವರ್ಷಗಳಲ್ಲಿ ಇದನ್ನು ನಡೆಸುತ್ತಿರುವುದು ಕರ್ನಾಟಕ ಪರೀಕ್ಷಾ ಪ್ರಾಧಿಕಾರ (ಕೆಇಎ). ಇಲ್ಲಿ ರಾಜ್ಯದ ಜಾತಿ-ಆದಾಯ ಪ್ರಮಾಣಪತ್ರದ ಮೇಲೆ ಅಚ್ಚಾಗಿರುವ ಆರ್‌ಡಿ ಸಂಖ್ಯೆ ಬೇಕು, ಕೇಂದ್ರದ್ದು ಅಲ್ಲ. ಹಾಗಾಗಿ ಎರಡೂ ಮಾಡಿಸಿಡಿ. ಹಾಸ್ಟೆಲ್ ಬೇಡ, ಮನೆಯಿಂದಲೇ ಹೋಗಿಬರಲಿ ಅನ್ನುವವರಿಗೆ ಆದರ್ಶ ವಿದ್ಯಾಲಯ ಇದೆ. ಸರ್ಕಾರಿ ಶಾಲೆ, ಇಂಗ್ಲಿಷ್ ಮಾಧ್ಯಮ, ಆರನೇ ತರಗತಿಗೆ ಪರೀಕ್ಷೆ. ಎಲ್ಲ ತಾಲ್ಲೂಕಿನಲ್ಲೂ ಇಲ್ಲ, ನಿಮ್ಮಲ್ಲಿದೆಯಾ ವಿಚಾರಿಸಿ. ವಿಜಯಪುರ ಮತ್ತು ಕೊಡಗಿನ ಸೈನಿಕ ಶಾಲೆಗಳಿಗೆ ಬೇರೆಯೇ ಅಖಿಲ ಭಾರತ ಪರೀಕ್ಷೆ. ಈಗ ಹೆಣ್ಣುಮಕ್ಕಳಿಗೂ ಅವಕಾಶ ಇದೆ, ಆದರೆ ಅಲ್ಲಿ ಶುಲ್ಕ ಜಾಸ್ತಿ.

ನವೋದಯದಲ್ಲೇ ಓದಬೇಕು ಅನ್ನುವ ಹಟ ಇದ್ದರೆ ಒಂಬತ್ತನೇ ತರಗತಿಗೂ ಪರೀಕ್ಷೆ ಇದೆ. ಖಾಲಿ ಬಿದ್ದ ಸೀಟುಗಳಿಗೆ ಮಾತ್ರ, ಆದ್ದರಿಂದ ಸಂಖ್ಯೆ ತುಂಬ ಕಡಿಮೆ. ಅದೇ ಜಿಲ್ಲೆಯಲ್ಲಿ ಎಂಟನೇ ತರಗತಿ ಓದುತ್ತಿರಬೇಕು. ಎರಡೂವರೆ ಗಂಟೆಯ ಪರೀಕ್ಷೆಯಲ್ಲಿ ಗಣಿತಕ್ಕೆ 35, ವಿಜ್ಞಾನಕ್ಕೆ 35, ಇಂಗ್ಲಿಷಿಗೆ 15, ಹಿಂದಿಗೆ 15 ಅಂಕ. ಕನ್ನಡ ಮಾಧ್ಯಮದ ಮಕ್ಕಳು ಇಲ್ಲಿ ಕಳೆದುಕೊಳ್ಳುವುದು ಹೆಚ್ಚಾಗಿ ಹಿಂದಿಯಲ್ಲಿ. ಮೂರನೇ ಭಾಷೆ ಅಂತ ಅದನ್ನು ಪರೀಕ್ಷೆಯ ಹಿಂದಿನ ದಿನ ಮಾತ್ರ ತೆರೆಯುವ ಅಭ್ಯಾಸ ಇರುತ್ತದೆ. ಏಳನೇ ತರಗತಿಯಿಂದಲೇ ವಾರಕ್ಕೆರಡು ದಿನ ಹಿಂದಿ ಓದಿಸಲು ಶುರು ಮಾಡಿ.